ಸವೆದ ಐದು ಅಕ್ಷರಗಳು

೨೦೧೪ನೇ ಇಸವಿ ಡಿಸೆಂಬರ್ ಒಂದನೇ ತಾರೀಖು, ಸೋಮವಾರ, ಬೆಳಿಗ್ಗೆ ಒಂಬತ್ತು ಗಂಟೆ ಏಳು ನಿಮಿಷಕ್ಕೆ, ತಾನು ಕಾಯಬೇಕಾದ ಕೋಣೆಯ ಬಾಗಿಲು ತೆರೆಯುವುದು ಹೇಗೆಂದು ತನಗೆ ಗೊತ್ತಿಲ್ಲವೆಂಬ ಸಂಗತಿ ದಶಮಾಂಶನಿಗೆ ಗೊತ್ತಾಯಿತು.

ದಶಮಾಂಶ ಎಂಬುದು ತಂದೆತಾಯಿ ಇಟ್ಟ ಹೆಸರಲ್ಲ. ತೂಕ-ಅಳತೆ ಪ್ರಯೋಗಾಲಯದ ಸಹೋದ್ಯೋಗಿಗಳು ಇಟ್ಟದ್ದು. ಮಗಳಿಗೆಷ್ಟು ವಯಸ್ಸು ಎಂದರೆ ಮೂರು ಪಾಯಿಂಟ್ ಏಳು ಎನ್ನುತ್ತಿದ್ದ. ಚಹಾಕ್ಕೆ ಸಕ್ಕರೆ ಎಷ್ಟು ಎಂದರೆ ಒಂದೂಕಾಲು ಚಮಚ ಎಂದು ಹೇಳಿ, ಆ ಕಾಲು ಚಮಚ ಬೀಳುವುದನ್ನು ಕಣ್ಣಾರೆ ನೋಡಿದ ಮೇಲೆಯೇ ತಲೆಯೆತ್ತುತ್ತಿದ್ದ. ಇಂಥವನು ಶುಕ್ರವಾರ ಸಂಜೆ, ನಿವೃತ್ತರಾಗುತ್ತಿದ್ದ ಹಿರಿಯ ಅಧಿಕಾರಿಯಿಂದ ಆ ಕೋಣೆಯನ್ನು ವಹಿಸಿಕೊಂಡಿದ್ದ. ಅವರು ಬಾಗಿಲ ಬಳಿ ನಿಂತು, "ನೋಡ್ಕೊಳ್ಳಿ, ಹೀಗೆ," ಎಂದು ಟಕಟಕನೆ ಗುಂಡಿಗಳನ್ನೊತ್ತಿ ತೆರೆದು ತೋರಿಸಿದ್ದರು. ಆ ಗಳಿಗೆಯಲ್ಲಿ ದಶಮಾಂಶ ಪಕ್ಕದ ಗೋಡೆಯ ಉಷ್ಣತೆಯ ಫಲಕದಲ್ಲಿ ಇಪ್ಪತ್ತು ಪಾಯಿಂಟ್ ಸೊನ್ನೆ ಎರಡು ಎಂದಿದ್ದುದನ್ನು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದ.

"ತಿಳೀತಾ?"

"ತಿಳೀತು ಸಾರ್," ಎಂದು ಸಹಿ ಹಾಕಿದ. ತಿಳಿದದ್ದು ಉಷ್ಣತೆ.

ಆ ಕೋಣೆ ಸಾಮಾನ್ಯದ್ದಲ್ಲ. ಅದರೊಳಗೆ ಗಂಟೆಯಾಕಾರದ ಎರಡು ಗಾಜಿನ ಮುಚ್ಚಳಗಳ ಕೆಳಗೆ, ಒಂದರೊಳಗೊಂದು, ಒಂದು ಕಿಲೋ ತೂಕದ ಲೋಹದ ಬೊಡ್ಡೆಯೊಂದು ಕೂತಿತ್ತು. ತರಕಾರಿ ಗಾಡಿಯ ತಕ್ಕಡಿಯಿಂದ ಚಿನ್ನದಂಗಡಿಯ ತಕ್ಕಡಿಯವರೆಗೆ ಆ ಸೀಮೆಯ ತಕ್ಕಡಿಗಳೆಲ್ಲ ಕೊನೆಗೆ ತಲೆಬಾಗಬೇಕಾದದ್ದು ಆ ಬೊಡ್ಡೆಗೆ. ಕೋಣೆಯ ಉಷ್ಣತೆ ಸದಾ ಇಪ್ಪತ್ತು ಡಿಗ್ರಿ ಇರಬೇಕು. ಹೆಚ್ಚುಕಡಿಮೆ ಎಂದರೆ ಒಂದು ಡಿಗ್ರಿಯ ಹತ್ತನೇ ಒಂದು ಭಾಗ, ಅಷ್ಟೆ. ಅದು ಮೀರಿದರೆ ಬಾಗಿಲು ಹಾಕಿ ಇಪ್ಪತ್ತನಾಲ್ಕು ತಾಸು ಸುಮ್ಮನಿರಬೇಕು, ಅಲ್ಲಿಯವರೆಗೆ ತೂಗುವಂತಿಲ್ಲ. ಮನುಷ್ಯನೆಂಬವನು ಸುಮ್ಮನೆ ನಿಂತರೂ ನೂರು ವಾಟಿನ ಬಲ್ಬಿನಷ್ಟು ಶಾಖ ಬಿಡುತ್ತಾನೆ. ಹಾಗಾಗಿ ಆ ಕೋಣೆಯೊಳಗೆ ಒಂದು ಸಲಕ್ಕೆ ಒಂದೇ ಬಲ್ಬು ಎಂಬ ನಿಯಮವಿತ್ತು. ಇಪ್ಪತ್ತೆರಡು ವರ್ಷ ಆ ಬಲ್ಬು ಈಗ ನಿವೃತ್ತರಾದ ಆ ಅಧಿಕಾರಿಯೇ. ಕಚೇರಿಯ ಉಳಿದವರು ಆ ಕಿಲೋವನ್ನು ಕಣ್ಣಿನಿಂದ ಕಂಡವರಲ್ಲ.

ಇವತ್ತು ಮಧ್ಯಾಹ್ನ ಎರಡು ಗಂಟೆಗೆ ಮೇಲಿನ ಪ್ರಯೋಗಾಲಯದಿಂದ ಪರೀಕ್ಷಕಿ ಬರುವವರಿದ್ದರು. ಅವರು ಬರುವುದು ವರ್ಷಕ್ಕೊಮ್ಮೆ. ಅವರೆದುರು ದಶಮಾಂಶ ಆ ಕಿಲೋವನ್ನು ತೂಗಿ ತೋರಿಸಿದರೆ ಕೆಲಸ ಖಾಯಂ. ತೋರಿಸದಿದ್ದರೆ ಇನ್ನೊಂದು ವರ್ಷ ತಾತ್ಕಾಲಿಕ. ಅವನ ಹೆಂಡತಿ ಆಗಲೇ ತನ್ನ ಅಕ್ಕನಿಗೂ, ಅಕ್ಕನ ಮೂಲಕ ಇಡೀ ಬಂಧುಬಳಗಕ್ಕೂ, ಖಾಯಂ ಆಯಿತೆಂದೇ ಹೇಳಿಬಿಟ್ಟಿದ್ದಳು.

ಉಕ್ಕಿನ ಬಾಗಿಲು. ಹಿಡಿಕೆಯ ಮೇಲೆ ಹಿತ್ತಾಳೆಯ ತಗಡು, ತಗಡಿನ ಮೇಲೆ ಎರಡು ಸಾಲಿನಲ್ಲಿ ಇಂಗ್ಲಿಷಿನ ಇಪ್ಪತ್ತಾರು ಅಕ್ಷರಗಳ ಇಪ್ಪತ್ತಾರು ಗುಂಡಿ. ಕೆಳಗೆ ಏನೂ ಬರೆಯದ ಬೋಳು ಗುಂಡಿಯೊಂದಿತ್ತು. ಅದು ತಿರುಪಿನ ತಲೆ ಇರಬೇಕೆಂದು ಎಲ್ಲರೂ ತಿಳಿದಿದ್ದರು. ದಶಮಾಂಶ ಸ್ವಲ್ಪ ಯೋಚಿಸಿ, ತೂಕದ ಕೋಣೆಗೆ ತೂಕ ಎಂಬ ಪದವೇ ಇರಬೇಕೆಂದು ಡಬ್ಲ್ಯೂ, ಇ, ಐ, ಜಿ, ಎಚ್, ಟಿ ಎಂದು ಒತ್ತಿ ಹಿಡಿಕೆ ತಿರುವಿದ. ಬಾಗಿಲು ಬಂಡೆಯ ಹಾಗೆ ನಿಂತಿತ್ತು.

ನಿವೃತ್ತರಿಗೆ ಫೋನ್ ಮಾಡಿದ. ಅವರು ಮಗಳ ಮನೆಗೆಂದು ಹಡಗು ಹತ್ತಿಯಾಗಿತ್ತು. ಫೋನು ಸಂಪರ್ಕಕ್ಕೆ ಸಿಗುತ್ತಿಲ್ಲವೆಂದು ಒಂದು ಹೆಣ್ಣುದನಿ ಸಮಾಧಾನವಾಗಿ ಹೇಳಿತು. ಬೀಗದವನಿಗೆ ಮಾಡಿದ. "ನಾಳೆ ಬಂದು ಕೊರೆದು ತೆಗೀತೀನಿ ಸಾರ್," ಎಂದ ಅವನು. ಕೊರೆದರೆ ಒಳಗಿನ ತಕ್ಕಡಿ ನಡುಗುತ್ತದೆ, ನಡುಗಿದ ತಕ್ಕಡಿ ಎರಡು ದಿನ ನಿಜ ಹೇಳುವುದಿಲ್ಲ. ಬೇರೆ ದಾರಿ ಕಾಣದೆ ದಶಮಾಂಶ ದೊಡ್ಡ ಸಾಹೇಬರ ಕೋಣೆಗೆ ಹೋದ.

ದೊಡ್ಡ ಸಾಹೇಬರು ಪ್ರಯೋಗಾಲಯದ ಮುಖ್ಯಸ್ಥರು. ನಿಯಮಾವಳಿಯನ್ನು ತೆಗೆದು ಪುಟ ತಿರುವಿ ನಕ್ಕರು. "ಇದಕ್ಯಾಕ್ರೀ ಗಾಬರಿ? ನಿಯಮ ನಲವತ್ತೊಂದು. ಬೀಗದ ಗುಪ್ತಪದವನ್ನು ಮೊಹರು ಮಾಡಿದ ಲಕೋಟೆಯಲ್ಲಿಟ್ಟು, ಕಟ್ಟಡದ ಅತ್ಯಂತ ಭದ್ರವಾದ ಸ್ಥಳದಲ್ಲಿ ಇಡತಕ್ಕದ್ದು. ಹೋಗಿ ತಗೊಳ್ಳಿ."

"ಅತ್ಯಂತ ಭದ್ರವಾದ ಸ್ಥಳ ಯಾವುದು ಸಾರ್?"

ಸಾಹೇಬರ ನಗು ಮೆಲ್ಲಗೆ ಇಳಿಯಿತು. ಇಬ್ಬರೂ ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡಿದರು.

"ಅಲ್ಲೇ ಇಟ್ಟಿರ್ತಾರೆ ಅಂತೀರಾ?"

"ಅಲ್ಲೇ ಇದೆ ಸಾರ್. ಶುಕ್ರವಾರ ನಾನೇ ನೋಡಿದೆ. ಎಡಗಡೆ ಕಪಾಟು. ನೆಲದಿಂದ ಒಂದು ಪಾಯಿಂಟ್ ಎರಡು ಮೀಟರ್."

ಹತ್ತು ಗಂಟೆಗೆ ಸುದ್ದಿ ಹಬ್ಬಿತು. ಮೊದಲು ಬಂದವರು ಟೈಪಿಸ್ಟ್ ಅಕ್ಕ. ಮೂವತ್ತು ವರ್ಷ ಇಂಗ್ಲಿಷ್ ಪತ್ರ ಬಡಿದ ಬೆರಳುಗಳು ಅವರವು. ಕಣ್ಣಿಗಿಂತ ಬೆರಳಿಗೇ ಹೆಚ್ಚು ಓದು. ಅವರ ಹಿಂದೆ ಉಗ್ರಾಣದವರು ಬಂದರು. ತಮ್ಮ ನೆರಳನ್ನೂ ರಸೀದಿ ಇಲ್ಲದೆ ನಂಬದ ಮನುಷ್ಯ. ಕೊನೆಗೆ ಚಹಾದ ಕೆಟಲು ಹಿಡಿದು ಕ್ಯಾಂಟೀನ್ ಚಿಕ್ಕಪ್ಪ ಬಂದ. ಅವನು ಯಾರ ಚಿಕ್ಕಪ್ಪನೂ ಅಲ್ಲ, ಆದರೆ ಎಲ್ಲರಿಗೂ ಚಿಕ್ಕಪ್ಪ.

"ಒದ್ದು ನೋಡಿದ್ರಾ?" ಎಂದ ಚಿಕ್ಕಪ್ಪ.

"ಒದೆಯೋದಕ್ಕೆ ಇದೇನು ನಿಮ್ಮ ಫ್ರಿಡ್ಜಾ?" ಎಂದರು ಟೈಪಿಸ್ಟ್ ಅಕ್ಕ.

ದಶಮಾಂಶ ಜೇಬಿನಿಂದ ಭೂತಗನ್ನಡಿ ತೆಗೆದು, ಹಿತ್ತಾಳೆ ತಗಡಿಗೆ ಮೂಗು ತಾಗಿಸಿಕೊಂಡು, ಒಂದೊಂದೇ ಗುಂಡಿಯನ್ನು ವೈದ್ಯರು ನಾಲಗೆ ನೋಡುವ ಹಾಗೆ ನೋಡುತ್ತಿದ್ದ. ಇಪ್ಪತ್ತೊಂದು ಗುಂಡಿಗಳ ಮೇಲೆ ಕಪ್ಪು ಬಣ್ಣ ಗಟ್ಟಿಯಾಗಿತ್ತು. ಐದರ ಮೇಲೆ ಮಾತ್ರ ಬಣ್ಣ ಸವೆದು ಬೆರಳ ಗಾತ್ರದ ಹಿತ್ತಾಳೆ ಹೊಳೆಯುತ್ತಿತ್ತು. ಎ, ಇ, ಎಲ್, ಎಸ್, ಟಿ.

"ಇಪ್ಪತ್ತೆರಡು ವರ್ಷ," ಎಂದ ಮೆಲ್ಲಗೆ. "ದಿನಕ್ಕೆ ನಾಲ್ಕು ಸಲ. ರಜೆ ಕಳೆದು ಹೆಚ್ಚುಕಡಿಮೆ ಇಪ್ಪತ್ತೈದು ಸಾವಿರ ಸಲ ಇವೇ ಐದನ್ನ ಒತ್ತಿದ್ದಾರೆ."

ಎಲ್ಲರೂ ಬಗ್ಗಿ ನೋಡಿದರು. ಒಬ್ಬ ಮನುಷ್ಯನ ಬೆರಳು ಲೋಹದ ಮೇಲೆ ಬರೆದಿಟ್ಟ ಗುಟ್ಟು ಅಷ್ಟು ದಿನ ಎಲ್ಲರ ಕಣ್ಣೆದುರೇ ಇತ್ತು. ಉಗ್ರಾಣದವರು ಕೂಡ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಹಾಗಾದ್ರೆ ಈ ಐದು ಅಕ್ಷರ ಇರೋ ಪದ," ಎಂದರು ಟೈಪಿಸ್ಟ್ ಅಕ್ಕ. "ಅಷ್ಟೇ ತಾನೇ?"

ಅಷ್ಟೇ. ದಶಮಾಂಶ ಅಲ್ಲೇ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಲೆಕ್ಕ ಬರೆದ. ಐದು ಅಕ್ಷರಗಳನ್ನು ಜೋಡಿಸುವ ಬಗೆ ನೂರಿಪ್ಪತ್ತು. ನೂರಿಪ್ಪತ್ತನ್ನೂ ಸಾಲಾಗಿ ಬರೆದು ಓದುತ್ತ ಹೋದ. ಬಹುತೇಕ ಕೆಮ್ಮಿದ ಹಾಗೆ, ಸೀನಿದ ಹಾಗೆ ಕೇಳಿಸಿದವು. ನಡುನಡುವೆ, ಮಣ್ಣು ಜರಡಿ ಹಿಡಿದವನಿಗೆ ಹೊಳಪು ಕಂಡ ಹಾಗೆ, ಒಂದೊಂದು ಪದ ಎದ್ದು ಕೂರುತ್ತಿತ್ತು. ಕನಿಷ್ಠ ಎಂಬರ್ಥದ ಲೀಸ್ಟ್. ಮಕ್ಕಳು ಬರೆಯುವ ಸ್ಲೇಟ್. ಹಳಸಿದ್ದು ಎಂಬ ಸ್ಟೇಲ್. ಕದಿಯುವ ಸ್ಟೀಲ್. ಕತೆಗಳು ಎಂಬ ಟೇಲ್ಸ್. ಬಾತುಕೋಳಿಯ ಜಾತಿಯೊಂದು, ಟೀಲ್ಸ್. ಕೊನೆಗೆ ಅವನ ಕೈ ನಿಂತುಹೋಯಿತು. ಟೆಸ್ಲಾ. ಕಾಂತಕ್ಷೇತ್ರದ ಅಳತೆಯ ಮಾನ.

"ನೂರಿಪ್ಪತ್ತರಲ್ಲಿ ನೂರ ಹದಿಮೂರು ಬರೀ ಸದ್ದು," ಎಂದ. "ಏಳೇ ಏಳು ಮಾತು. ಅದೇ ಐದು ಅಕ್ಷರ, ಸ್ವಲ್ಪ ಜಾಗ ಬದಲಾಯಿಸಿದ್ರೆ ಕತೆ ಕಳ್ಳತನ ಆಗುತ್ತೆ, ಕಳ್ಳತನ ಬಾತುಕೋಳಿ ಆಗುತ್ತೆ."

"ನಾವೂ ಹಾಗೇ ಅಲ್ವಾ," ಎಂದ ಚಿಕ್ಕಪ್ಪ ಕೆಟಲು ಕೆಳಗಿಟ್ಟು. "ಇದೇ ಐದು ಜನ. ಕೂತ ಜಾಗ ಬದಲಾಯಿಸಿದ್ರೆ ಆಫೀಸು, ಇನ್ನೊಂದು ಥರ ಕೂತ್ರೆ ಕ್ಯಾಂಟೀನು."

ಅಳತೆಯ ಪ್ರಯೋಗಾಲಯದ ಬೀಗಕ್ಕೆ ಅಳತೆಯ ಮಾನಕ್ಕಿಂತ ಸರಿಯಾದ ಪದ ಉಂಟೆ? ದಶಮಾಂಶ ಎದ್ದು, ಕೈ ಒರೆಸಿಕೊಂಡು, ಟಿ, ಇ, ಎಸ್, ಎಲ್, ಎ ಎಂದು ಒತ್ತಿದ. ಹಿಡಿಕೆ ಕದಲಲಿಲ್ಲ. ಅವನ ಮುಖ, ಪರೀಕ್ಷೆಯಲ್ಲಿ ಗೊತ್ತಿದ್ದ ಪ್ರಶ್ನೆಯೇ ತಪ್ಪಾದ ಹುಡುಗನ ಮುಖದಂತಾಯಿತು.

"ನೀವು ಒಬ್ಬೊಬ್ಬರೇ ಹೀಗೆ ಮನಸ್ಸಿಗೆ ಬಂದ ಹಾಗೆ ಒತ್ತೋದು ಸರಿಯಲ್ಲ," ಎಂದರು ಹಿಂದಿನಿಂದ ದೊಡ್ಡ ಸಾಹೇಬರು. "ಪದಗಳ ಪ್ರಸ್ತಾವ ಬರಲಿ. ಪಟ್ಟಿ ಟೈಪ್ ಆಗಲಿ, ಮೂರು ಪ್ರತಿ. ಆಮೇಲೆ ಹಿರಿತನದ ಪ್ರಕಾರ ಒತ್ತೋಣ."

ಹೀಗೆ ಬೆಳಗಿನ ಉಳಿದ ಹೊತ್ತು ಆ ಓಣಿಯಲ್ಲಿ ಕಳೆಯಿತು. ಟೈಪಿಸ್ಟ್ ಅಕ್ಕ ಇನ್ನೊಂದು ಬಾಗಿಲು ತೆರೆದರು: ಒಂದೇ ಅಕ್ಷರವನ್ನು ಎರಡು ಸಲ ಒತ್ತಿರಲೂಬಹುದಲ್ಲ? ಆಗ ಪದಕ್ಕೆ ಉದ್ದದ ಮಿತಿಯೇ ಇಲ್ಲ. ದಶಮಾಂಶ ಒಂದು ಕ್ಷಣ ಗೋಡೆಗೊರಗಿದ. ನೂರಿಪ್ಪತ್ತರ ಬಾವಿ ಎಂದುಕೊಂಡದ್ದು ಕಡಲಾಗಿತ್ತು. ಕಚೇರಿಯ ದಪ್ಪ ಇಂಗ್ಲಿಷ್ ನಿಘಂಟು ಎಂಟು ವರ್ಷದಿಂದ ಮಡಿಕೆ ಬಿದ್ದ ಪ್ರಮಾಣಪತ್ರಗಳನ್ನು ನೇರ ಮಾಡುವ ಕೆಲಸದಲ್ಲಿತ್ತು. ಅದನ್ನು ಆ ಕೆಲಸದಿಂದ ಬಿಡುಗಡೆ ಮಾಡಿ ತಂದರು. ಅತಿ ಎತ್ತರದ ಎಂಬ ಟಾಲೆಸ್ಟ್ ಸಿಕ್ಕಿತು. ನಾಡಿಲ್ಲದವರು ಎಂಬ ಸ್ಟೇಟ್‌ಲೆಸ್ ಸಿಕ್ಕಿತು. ಪರದೆಯ ಅಂಚಿಗೆ ತೂಗುವ ದಾರದ ಕುಚ್ಚು, ಟ್ಯಾಸೆಲ್, ಸಿಕ್ಕಿತು. 

ಉಗ್ರಾಣದವರು ಮಾತ್ರ ಕದಿಯುವ ಸ್ಟೀಲನ್ನು ಬಿಡಲೇ ಇಲ್ಲ. "ಬರ್ಕೊಳ್ಳಿ, ಅದೇ. ಯಾವ ಕಳ್ಳನೂ ಬೀಗದ ಮೇಲೆ ತನ್ನ ಕಸುಬಿನ ಹೆಸರು ಇರುತ್ತೆ ಅಂತ ಅಂದ್ಕೊಳ್ಳಲ್ಲ. ಬಹಳ ಬುದ್ಧಿವಂತಿಕೆ."

ಹನ್ನೊಂದೂವರೆಗೆ ದಶಮಾಂಶನ ಹೆಂಡತಿ ಫೋನ್ ಮಾಡಿದಳು. "ಏನ್ರೀ, ಏನು ಲೇಟೆಸ್ಟ್?"

ಅವನು ಬೆರಳಲ್ಲಿ ಎಣಿಸಿದ. ಎಲ್, ಎ, ಟಿ, ಇ, ಎಸ್, ಟಿ.

"ಪುಣ್ಯಾತ್ಗಿತ್ತಿ," ಎಂದ. "ಇನ್ನೊಂದು ಸಲ ಹೇಳು."

"ಯಾಕ್ರೀ, ಹುಷಾರಾಗಿದೀರ ತಾನೆ? ಸಹಿ ಆಯ್ತಾ? ಅಕ್ಕ ಎರಡು ಸಲ ಕೇಳಿದ್ಲು. ಭಾವನೂ ಲೈನಲ್ಲೇ ಕೂತಿದಾರೆ."

"ಎರಡು ಗಂಟೆಗೆ," ಎಂದು ಹೇಳಿ ಇಟ್ಟುಬಿಟ್ಟ. ಲೇಟೆಸ್ಟ್ ಪಟ್ಟಿಗೆ ಸೇರಿತು.

ಕ್ಯಾಂಟೀನ್ ಚಿಕ್ಕಪ್ಪ ಅಷ್ಟು ಹೊತ್ತೂ ಗೋಡೆ ನೋಡುತ್ತಿದ್ದ. ಕೊನೆಗೆ ಗಂಟಲು ಸರಿಮಾಡಿಕೊಂಡು, "ನನಗೆ ಇಂಗ್ಲಿಷ್ ಬರಲ್ಲ. ಒಂದು ಪದ ಮಾತ್ರ ಅಕ್ಷರ ಅಕ್ಷರ ಗೊತ್ತು," ಎಂದ. "ನನ್ನ ಕ್ಯಾಂಟೀನಿನ ದೂರು ಪುಸ್ತಕದಲ್ಲಿ ದಿನಾ ಯಾರಾದ್ರೂ ಬರೆದಿರ್ತಾರೆ. ಟಿ, ಎ, ಎಸ್, ಟಿ, ಇ, ಎಲ್, ಇ, ಎಸ್, ಎಸ್."

ಟೈಪಿಸ್ಟ್ ಅಕ್ಕನ ಬೆರಳುಗಳು ಗಾಳಿಯಲ್ಲಿ ಬಡಿದು ನಿಂತವು. ಟೇಸ್ಟ್‌ಲೆಸ್. ರುಚಿಯಿಲ್ಲದ್ದು. ಒಂಬತ್ತು ಅಕ್ಷರ, ಐದರ ಹೊರಗಿನದು ಒಂದೂ ಇಲ್ಲ. ಅವತ್ತಿನ ಪಟ್ಟಿಯಲ್ಲಿ ಅಷ್ಟು ಉದ್ದದ ಪದ ಸ್ಟೇಟ್‌ಲೆಸ್ ಬಿಟ್ಟರೆ ಅದೊಂದೇ.

"ಚಿಕ್ಕಪ್ಪ," ಎಂದ ದಶಮಾಂಶ, "ನೀವು ಸಾಮಾನ್ಯರಲ್ಲ."

"ಬರೆದೋರು ಸಾಮಾನ್ಯರಲ್ಲ," ಎಂದ ಚಿಕ್ಕಪ್ಪ.

ಹನ್ನೆರಡೂ ನಲವತ್ತಕ್ಕೆ ಪಟ್ಟಿಗೆ ಸಹಿ ಬಿದ್ದು ಒತ್ತುವ ಕೆಲಸ ಶುರುವಾಯಿತು. ಮೊದಲು ದೊಡ್ಡ ಸಾಹೇಬರು. ಅವರ ಪದ ಲೀಸ್ಟ್. ಟೈ ಸರಿಮಾಡಿಕೊಂಡು ಒತ್ತಿದರು, ತೆರೆಯಲಿಲ್ಲ. "ಪ್ರಸ್ತಾವ ತಿರಸ್ಕೃತ" ಎಂದು ಟೈಪಿಸ್ಟ್ ಅಕ್ಕ ಬರೆದುಕೊಂಡರು. ಅವರದೇ ಸ್ಲೇಟೂ ತಿರಸ್ಕೃತವಾಯಿತು. ಉಗ್ರಾಣದವರ ಕಳ್ಳತನ ಸಾಗಲಿಲ್ಲ. ಅವರು ಗುಂಡಿಗಳನ್ನೇ ಅನುಮಾನದಿಂದ ನೋಡಿದರು. ದಶಮಾಂಶನ ಹೆಂಡತಿಯ ಲೇಟೆಸ್ಟ್, ಕುಚ್ಚು, ಬಾತುಕೋಳಿ, ಕತೆಗಳು, ಯಾವುದಕ್ಕೂ ಬಾಗಿಲು ಬಗ್ಗಲಿಲ್ಲ. ಗೋಡೆಯ ಫಲಕ ಮಾತ್ರ ಇಪ್ಪತ್ತು ಪಾಯಿಂಟ್ ಸೊನ್ನೆ ಒಂದು ಎಂದು ತೋರಿಸುತ್ತ, ಒಳಗೆ ಎಲ್ಲ ಕ್ಷೇಮವೆಂದು ಹೇಳುತ್ತಿತ್ತು. ಗಂಟೆ ಒಂದೂ ಐದಾಯಿತು. ದಶಮಾಂಶನ ಅಂಗಿಯ ಬೆನ್ನು ಒದ್ದೆಯಾಗಿತ್ತು.

ಅಷ್ಟರಲ್ಲಿ ಗುಡಿಸುವ ಅಮ್ಮ ಬಕೆಟ್ಟು ಹಿಡಿದು ಓಣಿಗೆ ಬಂದಳು. ಅವಳ ಪಾಳಿ ಶುರುವಾಗುವುದು ಒಂದು ಗಂಟೆಗೆ. ಬಾಗಿಲ ಮುಂದೆ ಇಡೀ ಕಚೇರಿ ನಿಂತಿರುವುದನ್ನು ನೋಡಿ ಬಕೆಟ್ಟು ಇಳಿಸಿ, ಸೊಂಟಕ್ಕೆ ಕೈಯಿಟ್ಟಳು.

"ಏನಾಯ್ತು?"

"ಬಾಗಿಲು ತೆರೀತಿಲ್ಲ ಅಮ್ಮ."

"ಆ ಬೋಳು ಗುಂಡಿ ಒತ್ತಿದ್ರಾ?"

ಎಲ್ಲರೂ ಬೋಳು ಗುಂಡಿಯತ್ತ ಬಗ್ಗಿದರು.

"ಹಳೇ ಸಾರು ಯಾವಾಗ್ಲೂ ಮೊದಲು ಮೊಣಕೈಯಿಂದ ಅದನ್ನ ಕುಟ್ಟೋರು. ಹಿಂದೆ ಒತ್ತಿದ್ದೆಲ್ಲ ಅಳಿಸಿಹೋಗುತ್ತಂತೆ. ಇಲ್ಲಾಂದ್ರೆ ಎಲ್ಲಾ ಒಂದರ ಮೇಲೊಂದು ಕೂತಿರುತ್ತಂತೆ. ನಾನು ನೆಲ ಒರೆಸ್ತಾ ಎಷ್ಟು ಸಲ ನೋಡಿಲ್ಲ."

ದಶಮಾಂಶ ಕಣ್ಣು ಮುಚ್ಚಿಕೊಂಡ. ಬೆಳಿಗ್ಗೆ ಒಂಬತ್ತು ಗಂಟೆಗೆ ತಾನು ಒತ್ತಿದ ತೂಕ, ಡಬ್ಲ್ಯೂ, ಐ, ಜಿ, ಎಚ್ ಸಮೇತ, ನಾಲ್ಕು ತಾಸಿನಿಂದ ಬೀಗದೊಳಗೆ ಹಾಗೇ ಕೂತಿತ್ತು. ಅದರ ಮೇಲೆ ಇಡೀ ಕಚೇರಿಯ ಪಾಂಡಿತ್ಯ ಬಿದ್ದು ಜಾರಿಹೋಗಿತ್ತು.

ಪಟ್ಟಿಯಲ್ಲಿ ಈಗ ಕ್ಯಾಂಟೀನ್ ಚಿಕ್ಕಪ್ಪನ ಸರದಿ. ಅವನು ಕೈಯನ್ನು ಹೆಗಲ ವಸ್ತ್ರಕ್ಕೆ ಒರೆಸಿ, ಮೊಣಕೈಯಿಂದ ಬೋಳು ಗುಂಡಿ ಕುಟ್ಟಿ, ಒಂಬತ್ತು ಅಕ್ಷರಗಳನ್ನೂ ತುಟಿಯಲ್ಲಿ ಹೇಳಿಕೊಳ್ಳುತ್ತ ಒತ್ತಿದ. ಹಿಡಿಕೆ, ಬೆಣ್ಣೆಗೆ ಹೊಕ್ಕ ಚಾಕುವಿನ ಹಾಗೆ, ತಿರುಗಿತು.

ಬಾಗಿಲು ಅಂಗೈಯಗಲ ತೆರೆದುಕೊಂಡಿತು. ಒಳಗಿನ ತಂಪು ಎಲ್ಲರ ಪಾದಕ್ಕೆ ತಾಗಿತು. ಸಂದಿಯಲ್ಲಿ, ಬಿಳಿ ಬೆಳಕಿನ ಕೆಳಗೆ, ಗಾಜಿನೊಳಗಿನ ಗಾಜಿನೊಳಗೆ, ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದೊಂದು ಹೊಳಪು ಕಾಣಿಸಿತು.

"ಅದೇನಾ?" ಎಂದರು ದೊಡ್ಡ ಸಾಹೇಬರು ಪಿಸುಮಾತಿನಲ್ಲಿ. ಪ್ರತಿ ವರ್ಷ ಅದರ ಪ್ರಮಾಣಪತ್ರಕ್ಕೆ ಸಹಿ ಹಾಕಿದವರು ಅವರೇ.

"ಅದೇ ಸಾರ್."

"ಇಷ್ಟು ಚಿಕ್ಕದಾ."

ದಶಮಾಂಶ ಬಾಗಿಲು ಮುಚ್ಚಬೇಕಿತ್ತು. ಮುಚ್ಚಿಯೂ ಬಿಟ್ಟ; ಒಳಹೋಗಿ ಲಕೋಟೆಯನ್ನು ತಂದು, ಹೊರಬಂದು, ಎಳೆದು ಹಾಕಿದ. ಫಲಕ ಇಪ್ಪತ್ತು ಪಾಯಿಂಟ್ ಸೊನ್ನೆ ಮೂರು. ಇನ್ನೂ ಐವತ್ತು ನಿಮಿಷವಿತ್ತು. ಕತೆ ಅಲ್ಲಿಗೆ ಮುಗಿದಿದ್ದರೆ ಅವನ ಭಾವನವರೆಗೂ ಸಂತೋಷ ತಲುಪುತ್ತಿತ್ತು.

ಆದರೆ ಕ್ಯಾಂಟೀನ್ ಚಿಕ್ಕಪ್ಪ ಗೋಡೆಗೆ ಒರಗಿ ಕೂತುಬಿಟ್ಟಿದ್ದ.

"ರುಚಿಯಿಲ್ಲ ಅಂತ," ಎಂದ. "ಇಪ್ಪತ್ತೆರಡು ವರ್ಷ ನನ್ನ ಕೈ ಊಟ ಉಂಡು, ದಿನಾ ಚೆನ್ನಾಗಿದೆ ಚಿಕ್ಕಪ್ಪ ಅಂತಿದ್ರು. ಊಟ ಮುಗಿಸಿ ಬಂದು ಇಲ್ಲಿ ನಿಂತು ಇದನ್ನ ಒತ್ತುತಾ ಇದ್ರು. ಇಪ್ಪತ್ತೈದು ಸಾವಿರ ಸಲ."

ಲೆಕ್ಕ ಕೊಟ್ಟವನು ದಶಮಾಂಶನೇ ಆದ್ದರಿಂದ ಅವನಿಗೆ ಹೆಚ್ಚು ಕಸಿವಿಸಿಯಾಯಿತು. "ಲಕೋಟೆ ಒಡೆದು ನೋಡೋಣ ಸಾರ್," ಎಂದ. "ಪದ ಬೇರೆ ಏನೋ ಇರಬಹುದು."

ಸಾಹೇಬರು ಲಕೋಟೆಯ ಮೇಲಿನ ಒಕ್ಕಣೆ ಓದಿದರು. "ಕೋಣೆಯನ್ನು ತೆರೆಯಲಾಗದ ಸಂದರ್ಭದಲ್ಲಿ ಮಾತ್ರ ಒಡೆಯತಕ್ಕದ್ದು. ಈಗ ಕೋಣೆ ತೆರೆದಿದ್ದೇವಲ್ಲ. ಒಡೆಯೋ ಹಾಗಿಲ್ಲ."

"ಒಂದು ನಿಮಿಷ," ಎಂದರು ಟೈಪಿಸ್ಟ್ ಅಕ್ಕ. "ಬೋಳು ಗುಂಡಿ ಒತ್ತಿದ ಮೇಲೆ ನನ್ನ ಪದ ನೋಡೇ ಇಲ್ಲ." ಅವರು ಮೊಣಕೈಯಿಂದ ಕುಟ್ಟಿ, ಸ್ಲೇಟ್ ಎಂದು ಒತ್ತಿದರು.

ಬಾಗಿಲು ತೆರೆಯಿತು.

ಚಿಕ್ಕಪ್ಪ ತಲೆಯೆತ್ತಿದ. ಉಗ್ರಾಣದವರು ಮುಂದೆ ಬಂದು, ಬಾಗಿಲು ಹಾಕಿ, ಕುಟ್ಟಿ, ಕಳ್ಳತನ ಒತ್ತಿದರು. ಅದಕ್ಕೂ ತೆರೆಯಿತು. ಅವರು ಒಂದು ಹೆಜ್ಜೆ ಹಿಂದೆ ಸರಿದರು. ಜೀವಮಾನದಲ್ಲಿ ಮೊದಲ ಬಾರಿಗೆ ಅವರ ಅನುಮಾನವೊಂದು ನಿಜವಾಗಿತ್ತು, ಅದೂ ಉಳಿದೆಲ್ಲದರ ಜೊತೆಗೆ.

ದಶಮಾಂಶನಿಗೆ ಹೊಳೆದುಹೋಯಿತು. "ಗುಂಡಿಗೆ ತಾನು ಮೊದಲೋ ಕೊನೆಯೋ ಗೊತ್ತಿಲ್ಲ," ಎಂದ. "ಒಂದೊಂದು ಗುಂಡಿ ಒಂದೊಂದು ತಗಡು ಎತ್ತುತ್ತೆ. ಈ ಐದು ತಗಡು ಮಾತ್ರ ಎದ್ದಿದ್ದರೆ ಸಾಕು, ಯಾವುದು ಮೊದಲು ಎದ್ದಿತು ಅಂತ ಬೀಗ ಕೇಳಲ್ಲ. ಎರಡು ಸಲ ಒತ್ತಿದ್ರೂ ಎದ್ದಿದ್ದು ಎದ್ದೇ ಇರುತ್ತೆ. ನಾವು ಹುಡುಕಿದ ಪದಗಳೆಲ್ಲ ಸರಿ. ಎಲ್ಲವೂ."

"ಅಂದ್ರೆ ಹಳೇ ಸಾರು ರುಚಿಯಿಲ್ಲ ಅಂದಿರಲಿಲ್ಲ?" ಎಂದ ಚಿಕ್ಕಪ್ಪ.

"ಅಂದಿರಬೇಕಾಗಿಲ್ಲ."

"ಇರಬೇಕಾಗಿಲ್ಲ ಅಂದ್ರೆ ಆಗಲ್ಲಪ್ಪ. ಇನ್ನೆರಡು ಪದಕ್ಕೂ ತೆರೀತು, ಸರಿ. ಎಲ್ಲದಕ್ಕೂ ತೆರೆಯುತ್ತಾ?"

ಅದು ನ್ಯಾಯವಾದ ಪ್ರಶ್ನೆ. ವಿಜ್ಞಾನ ಓದಿದವನಿಗೆ ಅದಕ್ಕಿಂತ ದೊಡ್ಡ ಸೆಳೆತ ಇನ್ನೊಂದಿಲ್ಲ. ಮೂರು ಪ್ರಯೋಗದಿಂದ ನಿಯಮ ಹೇಳಬಾರದೆಂದು ಅವನಿಗೆ ಕಾಲೇಜಿನಲ್ಲಿ ಕಲಿಸಿದ್ದರು. ದಶಮಾಂಶ ಪುಸ್ತಕ ತೆರೆದು ಮೂರು ಅಂಕಣ ಗೆರೆ ಎಳೆದ: ಪದ, ಒತ್ತಿದವರು, ಫಲಿತಾಂಶ.

ಆಮೇಲೆ ನಡೆದದ್ದನ್ನು ಜಾತ್ರೆ ಎನ್ನಲಾಗದು. ಯಾರೂ ಗದ್ದಲ ಮಾಡಲಿಲ್ಲ. ಒಬ್ಬೊಬ್ಬರೇ ಬಂದು, ಮೊಣಕೈಯಿಂದ ಕುಟ್ಟಿ, ತಮ್ಮ ಪದ ಒತ್ತುತ್ತಿದ್ದರು. ಬಾಗಿಲು ತೆರೆಯುತ್ತಿತ್ತು. ತೆರೆದವರು, ತಮ್ಮ ಪದದಿಂದ ತೆರೆದ ಕೋಣೆ ಎಂಬ ಹಕ್ಕಿನಿಂದ, ಚಪ್ಪಲಿ ಬಿಟ್ಟು ಒಳಗೆ ಹೋಗಿ ಕಿಲೋದ ಮುಂದೆ ಕೈ ಕಟ್ಟಿ ನಿಲ್ಲುತ್ತಿದ್ದರು. ಮಾತಾಡಿದರೆ ಎಲ್ಲಿ ಅದರ ತೂಕ ಬದಲಾಗುತ್ತದೋ ಎಂಬಂತೆ ಉಸಿರು ಹಿಡಿಯುತ್ತಿದ್ದರು. ಟೈಪಿಸ್ಟ್ ಅಕ್ಕ, "ಮೂವತ್ತು ವರ್ಷ ಇದರ ಹೆಸರು ಟೈಪ್ ಮಾಡಿದೀನಿ, ಮುಖ ಇವತ್ತು ನೋಡಿದೆ," ಎಂದು ಕಣ್ಣೊರೆಸಿಕೊಂಡರು. ಗುಡಿಸುವ ಅಮ್ಮ ತನಗೆ ಪದ ಗೊತ್ತಿಲ್ಲವೆಂದಾಗ ಚಿಕ್ಕಪ್ಪ ಕುಚ್ಚನ್ನು ಅವಳಿಗೆ ಬಿಟ್ಟುಕೊಟ್ಟ. ಅವಳು ಅಕ್ಷರಗಳನ್ನು ದಶಮಾಂಶ ತೋರಿಸಿದಂತೆ ಒತ್ತಿ, ಒಳಗೆ ಹೋಗಿ, ಬಹಳ ಹೊತ್ತು ನೋಡಿ, "ಧೂಳೇ ಇಲ್ಲ," ಎಂದಳು. ಅವಳ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಯಾರೂ ಕೇಳಿರಲಿಲ್ಲ.

ದಶಮಾಂಶ ಮೈಮರೆತಿದ್ದ. ಹನ್ನೆರಡು ಪದ, ಹನ್ನೆರಡೂ ಸರಿ. ಇಂಥ ಶುದ್ಧ ಫಲಿತಾಂಶ ಅವನ ವೃತ್ತಿಯಲ್ಲಿ ಬಂದದ್ದೇ ಇಲ್ಲ. ಸದಾ ಎಲ್ಲೋ ಒಂದು ದಶಮಾಂಶ ಸ್ಥಾನದಲ್ಲಿ ಏನಾದರೊಂದು ಕೊಂಕು ಇರುತ್ತಿತ್ತು. ಫಲಕ ನೋಡಬೇಕೆಂದು ಒಮ್ಮೆ ತಲೆಯೆತ್ತಿದ. ಅಲ್ಲಿ ದೊಡ್ಡ ಸಾಹೇಬರು ಬೆನ್ನು ಆನಿಸಿ, ಇಡೀ ಸಾಲನ್ನು ತೃಪ್ತಿಯಿಂದ ನೋಡುತ್ತ ನಿಂತಿದ್ದರು. ಪಕ್ಕಕ್ಕೆ ಸರಿಯಿರಿ ಎನ್ನಲು ಸಂಕೋಚವಾಗಿ ಮತ್ತೆ ಪುಸ್ತಕಕ್ಕೆ ಬಗ್ಗಿದ.

ಎರಡು ಗಂಟೆಗೆ ಸರಿಯಾಗಿ ಪರೀಕ್ಷಕಿ ಬಂದರು. ಬಿಳಿ ಕೂದಲು, ಹೆಗಲಿಗೆ ಬಟ್ಟೆಯ ಚೀಲ, ಅವಸರವಿಲ್ಲದ ನಡಿಗೆ. ಓಣಿಯಲ್ಲಿ ಸಾಲಾಗಿ ಬಿಟ್ಟಿದ್ದ ಆರು ಜೊತೆ ಚಪ್ಪಲಿಗಳನ್ನು ನೋಡಿದರು. ದಶಮಾಂಶ ಎದ್ದು ನಿಂತು, ಬೆಳಗಿನಿಂದ ಆದದ್ದನ್ನೆಲ್ಲ ಮುಚ್ಚುಮರೆಯಿಲ್ಲದೆ ಹೇಳಿ, ಪುಸ್ತಕವನ್ನು ಎರಡೂ ಕೈಯಲ್ಲಿ ಅವರ ಮುಂದೆ ಹಿಡಿದ.

ಅವರು ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದಿದರು. ಮತ್ತೆ ಕೆಳಗಿನಿಂದ ಮೇಲೆ ಓದಿದರು. ಸವೆದ ಗುಂಡಿಗಳ ಮೇಲೆ ಬೆರಳಾಡಿಸಿದರು.

"ಚೆನ್ನಾಗಿ ಗಮನಿಸಿದೀರಿ," ಎಂದರು. "ನೂರರಲ್ಲಿ ತೊಂಬತ್ತೊಂಬತ್ತು ಜನ ಬೀಗ ಮುರೀತಿದ್ರು."

ದಶಮಾಂಶನಿಗೆ ಭಾವನ ಮುಖ ಕಣ್ಣಮುಂದೆ ಬಂತು. ಅದು ಮೆಲ್ಲಗೆ ಅರಳುತ್ತಿತ್ತು.

"ಆದ್ರೆ ಪ್ರಯೋಗ ಪೂರ್ತಿಯಾಗಿಲ್ಲ," ಎಂದು ಅವರು ಬೋಳು ಗುಂಡಿಯನ್ನು ಮೊಣಕೈಯಿಂದಲೇ ಕುಟ್ಟಿ, ಟಿ, ಎಲ್, ಎಸ್, ಎ, ಇ ಎಂದು ಒತ್ತಿದರು.

"ಅದು ಪದ ಅಲ್ವಲ್ಲ ಮೇಡಂ," ಎಂದರು ಟೈಪಿಸ್ಟ್ ಅಕ್ಕ.

"ಅಲ್ಲ."

ಬಾಗಿಲು ತೆರೆಯಿತು.

"ಅರ್ಥ ಬೇಕಾಗಿದ್ದದ್ದು ನಿಮಗೆ. ಬೀಗಕ್ಕಲ್ಲ," ಎಂದರು ಪರೀಕ್ಷಕಿ. ಆ ಐದು ಜನರೂ ಗುಡಿಸುವ ಅಮ್ಮನೂ ಆ ಮಾತನ್ನು ಬಹಳ ಹೊತ್ತು ಬಾಯಲ್ಲಿಟ್ಟುಕೊಂಡವರ ಹಾಗೆ ನಿಂತರು. ಬೆಳಗಿನಿಂದ ಬಿಟ್ಟುಬಿಟ್ಟಿದ್ದ ನೂರ ಹದಿಮೂರು ಸದ್ದುಗಳೂ ಆ ಬಾಗಿಲಿಗೆ ಸರಿಯಾದ ಕೀಲಿಗಳೇ ಆಗಿದ್ದವು. ನಿಘಂಟಿನ ಆಚೆ ಇಷ್ಟು ಜಾಗವಿದೆಯೆಂದು ದಶಮಾಂಶ ಕನಸಿನಲ್ಲೂ ಎಣಿಸಿರಲಿಲ್ಲ.

ಪರೀಕ್ಷಕಿ ಒಳಗೆ ಹೋಗಲಿಲ್ಲ. ಹೊಸ್ತಿಲಲ್ಲೇ ನಿಂತು ಗಾಳಿಯನ್ನು ಕೆನ್ನೆಯಿಂದ ನೋಡಿದರು. ಆಮೇಲೆ ಬಾಗಿಲನ್ನು ಎಳೆದು ಹಾಕಿ, "ಆರು ಗಂಟೆಗೆ ನನಗೆ ರೈಲು. ಇನ್ನು ಬರೋದು ಮುಂದಿನ ವರ್ಷ," ಎಂದರು. "ಸಾರ್, ಒಂಚೂರು ಈ ಕಡೆ ಬರ್ತೀರಾ?"

ದೊಡ್ಡ ಸಾಹೇಬರು ಫಲಕದಿಂದ ಬೆನ್ನು ತೆಗೆದು ಪಕ್ಕಕ್ಕೆ ಸರಿದರು.

"ಓದಿ," ಎಂದರು ಪರೀಕ್ಷಕಿ.

ದಶಮಾಂಶ ಓದಿದ. ಮಾಡಬೇಕಾದದ್ದನ್ನು ಮಾಡುವ ಕೈ ತಾನಾಗಿ ಪುಸ್ತಕದ ಹೊಸ ಪುಟ ತಿರುವಿ ಬರೆದುಕೊಂಡಿತು: ಸಮಯ, ಎರಡು ಗಂಟೆ ಹದಿನಾಲ್ಕು ನಿಮಿಷ. ಕೋಣೆಯ ಉಷ್ಣತೆ, ಇಪ್ಪತ್ತೊಂದು ಪಾಯಿಂಟ್ ಆರು ನಾಲ್ಕು ಡಿಗ್ರಿ ಸೆಲ್ಸಿಯಸ್.